ನಾಳೆಯ ಅಕ್ಕಿ

ಫೆಲೋಶಿಪ್ ಹಣ ಬಂದಾಗಲೆಲ್ಲ ಅಪ್ಪ ಫೋನ್ ಮಾಡಿ ಕೇಳುತ್ತಾರೆ: "ಪಿಪಿಎಫ್‌ಗೆ ಹಾಕಿದೆಯೇನೋ?" ಆ ಖಾತೆಯ ಹಣ ಪೂರ್ತಿ ಕೈಗೆ ಬರಲು 15 ವರ್ಷ ಕಾಯಬೇಕು. ಆಗ ನನಗೆ 43.

ಅಪ್ಪನ ಫೋನ್ ಬಂದಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಆಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಬಹಳ ದಿನ ಈ ಕಥೆಯನ್ನು ನನ್ನ ದುಂದುಗಾರಿಕೆಗೆ ನೆಪ ಮಾಡಿಕೊಂಡಿದ್ದೆ.

ಆದರೆ ಲಕ್ಕಮ್ಮ ಮೋಜಿಗಾಗಿ ಅಕ್ಕಿ ಬಿಟ್ಟವಳಲ್ಲ. ನಾಳೆಯೂ ಕಾಯಕವಿದೆ, ಸುತ್ತ ದಾಸೋಹದ ಶರಣರಿದ್ದಾರೆ ಎಂಬ ಧೈರ್ಯ ಅವಳಿಗಿತ್ತೆಂದು ಈಗ ಅನ್ನಿಸುತ್ತದೆ. ಪಿಂಚಣಿಯಿಲ್ಲದ ಖಾಸಗಿ ಶಾಲೆಯಲ್ಲಿ ಪಾಠ ಹೇಳಿದ ಅಪ್ಪನಿಗೆ ಅಂಥ ಧೈರ್ಯ ಕೊಟ್ಟವರು ಯಾರು? ಯಾರಿಗೂ ಹೊರೆಯಾಗಬಾರದೆಂಬ ಭಯದಲ್ಲೇ ಅವರು ಕೂಡಿಟ್ಟರು.

ಆ ಭಯಕ್ಕೆ ಅಮ್ಮನೂ ಬೆಲೆ ತೆತ್ತಳು. "ರಿಟೈರ್ ಆದಮೇಲೆ ಜೋಗಕ್ಕೆ ಹೋಗೋಣ" ಎನ್ನುತ್ತಲೇ ವರ್ಷಗಳು ಕಳೆದವು. ಈಗ ಹಣವಿದೆ, ಜಲಪಾತದ ಬುಡಕ್ಕೆ ಮೆಟ್ಟಿಲಿಳಿಯಲು ಅಮ್ಮನ ಮಂಡಿ ಬಿಡುವುದಿಲ್ಲ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಸೇರುತ್ತದೆ. ಮುಂದೂಡಿದ ಪ್ರವಾಸಕ್ಕೆ ಏನೂ ಸೇರುವುದಿಲ್ಲ.

ಮುಪ್ಪಿನಲ್ಲಿ ಕೈಚಾಚದಿರುವುದು ನನ್ನ ಮೇಲಿರುವ ಋಣ. ಜೊತೆಗಿರುವವರ ಇವತ್ತನ್ನು ಕಸಿಯದಿರುವುದೂ ಋಣವೇ. ಈ ಸಲ ಕೂಡಿಡುವ ಹಣದಲ್ಲಿ ಅರ್ಧ ಪಿಪಿಎಫ್‌ಗೆ ಹಾಕಿ, ಉಳಿದರ್ಧದಲ್ಲಿ ಮಳೆಗಾಲದ ಜೋಗಕ್ಕೆ ಮೂವರಿಗೂ ಟಿಕೆಟ್ ಮಾಡಿಸಿದೆ. "ಮೇಲಿಂದಲೇ ನೋಡಿದರಾಯ್ತು ಬಿಡೋ" ಎಂದಳು ಅಮ್ಮ. ಅಪ್ಪ ಟಿಕೆಟ್ ಎಷ್ಟಾಯಿತೆಂದು ಕೇಳಿದರು. ಬೇಡ ಎನ್ನಲಿಲ್ಲ.