ಎಷ್ಟು ಪುರಸೊತ್ತವಾ ನಿನಗ!

"ಎಷ್ಟು ಪುರಸೊತ್ತವಾ ನಿನಗ!" ಎಂಬ ಮಾತನ್ನು ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹೆಣ್ಣುಮಕ್ಕಳು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಆಡುವವರ ಮುಖದಲ್ಲಿ ನಗೆ ಇರುತ್ತದೆ, ಮಾತೂ ಹೊಗಳಿದ ಹಾಗೆಯೇ ಇರುತ್ತದೆ. ಆದರೆ ಕೇಳಿಸಿಕೊಂಡವಳ ಕೈ ತಾನಾಗಿ ಸೂಜಿ ಬದಿಗಿಟ್ಟು ಹರವಿದ ಅರಿವೆಯನ್ನು ಮಡಚತೊಡಗುತ್ತದೆ.

ಮಗನ ಚಡ್ಡಿಗೆ ಗುಂಡಿ ಹಚ್ಚುವಾಗ ನನಗೆ ಯಾರೂ ಈ ಮಾತು ಅಂದಿಲ್ಲ. ಮಗಳ ಯುನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡುವಾಗಲೂ ಅಂದಿಲ್ಲ. ಊರಕಟ್ಟೆಯ ಮೇಲೆ ಇಡೀ ಮಧ್ಯಾಹ್ನ ಕೂತ ಗಂಡಸರಿಗೆ ಅಂದದ್ದಂತೂ ನಾನು ಕೇಳಿಲ್ಲ. ಬಣ್ಣಬಣ್ಣದ ತುಣುಕುಗಳನ್ನು ನೆಲದ ಮೇಲೆ ಹರವಿಕೊಂಡು, ಯಾವುದರ ಪಕ್ಕ ಯಾವುದು ಒಪ್ಪೀತು ಎಂದು ಸುಮ್ಮನೆ ನೋಡುತ್ತ ಕೂತಾಗ ಮಾತ್ರ ಬಾಗಿಲಲ್ಲಿ ಯಾರಾದರೂ ನಿಂತು ಈ ಮಾತನ್ನು ಆಡಿಯೇ ಬಿಡುತ್ತಾರೆ. ಎರಡೂ ಅರಿವೆಯ ಕೆಲಸ, ಎರಡಕ್ಕೂ ಬೇಕಾದದ್ದು ಅದೇ ಹತ್ತು ನಿಮಿಷ. ಹಾಗಾದರೆ ಅವರು ಅಳೆಯುತ್ತಿರುವುದು ಗಡಿಯಾರದ ಹೊತ್ತನ್ನಲ್ಲ. ಇವಳಿಗೆ ಈ ಹೊತ್ತು ಕೊಟ್ಟವರು ಯಾರು ಎಂದು ಕೇಳುತ್ತಿದ್ದಾರೆ.

ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೇಳುವ ರೀತಿ ಸೇರದಿದ್ದರೂ ಪ್ರಶ್ನೆ ಒಳ್ಳೆಯದೇ.

ನಾನು ರೋಣದಲ್ಲಿ ಇರುವವಳು, ತವರು ಗಜೇಂದ್ರಗಡ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಕಲಿಸುತ್ತೇನೆ. ಇಬ್ಬರು ಮಕ್ಕಳು, ಎಂಬತ್ತು ದಾಟಿದ ಅತ್ತೆ, ಬೆಳಿಗ್ಗೆ ರೊಟ್ಟಿ ಬಡಿದು ಬಸ್ಸಿಗೆ ಓಡುವ ಬದುಕು. ಓದುತ್ತಿರುವ ನಿಮ್ಮದೂ ಹೆಚ್ಚುಕಡಿಮೆ ಹೀಗೆಯೇ ಇದ್ದೀತು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಸರಕಾರ 2019ರಲ್ಲಿ ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಲೆಕ್ಕ ಬಂತು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಇಬ್ಬರದೂ ಒಂದಿಷ್ಟು ಇಳಿದಿದೆ, ನಡುವಿನ ಅಂತರ ಹಾಗೆಯೇ ಇದೆ. ಸಂಖ್ಯೆಗಳು ನಮಗೇನೂ ಹೊಸತಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಮೀಕ್ಷೆಯ ಕ್ರಮ. ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4ರವರೆಗೆ ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ, ಆ ಅರ್ಧ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ. ನಮ್ಮ ಮನೆಗೆ ಬಂದಿದ್ದರೆ ನಾನೇನು ಹೇಳುತ್ತಿದ್ದೆ? ಬೇಳೆ ಕುದಿಯುವತನಕ ನಾಲ್ಕು ಎಳೆ, ಅತ್ತೆಯವರ ಗುಳಿಗೆಗೆ ನೀರು ಕಾಯುವತನಕ ಮತ್ತೆ ನಾಲ್ಕು ಎಳೆ. ಇಡೀ ಅರ್ಧ ಗಂಟೆ ಯಾವತ್ತೂ ಆಗುವುದಿಲ್ಲ.

ಇಂಥ ಹೊತ್ತಿಗಾಗಿಯೇ ಹುಟ್ಟಿದ್ದು ಕೌದಿ ಎಂದು ನನಗೆ ಅನ್ನಿಸುತ್ತದೆ. ಹಳೆಯ ನೂಲಿನ ಸೀರೆಯನ್ನು ಅಡಿಗೆ ಹಾಸಿ, ಮೇಲೆ ತುಣುಕುಗಳನ್ನು ಹೊಂದಿಸಿ, ಅಂಚಿನಿಂದ ಹಿಡಿದು ಸಾಲುಸಾಲಾಗಿ ಸಾದಾ ಎಳೆ ಹಾಕುತ್ತ ಬರುವುದು. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹಾಲು ಉಕ್ಕಿದರೆ ಸೂಜಿಯನ್ನು ಅಲ್ಲೇ ಚುಚ್ಚಿ ಎದ್ದು ಹೋಗಬಹುದು, ಮೂರು ದಿನ ಬಿಟ್ಟು ಬಂದರೂ ಅದು ಅಲ್ಲೇ ಕಾಯುತ್ತಿರುತ್ತದೆ. ಕಸೂತಿ ಹಾಗಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಅದರ ಹೊಲಿಗೆ ನಾಲ್ಕೇ ಬಗೆ. ಆದರೆ ಅರಿವೆಯ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ನೂಲಿಗೆ ಗಂಟು ಹಾಕುವ ಹಾಗಿಲ್ಲ, ಎಳೆ ಎಣಿಸಿಯೇ ಗೋಪುರವನ್ನೂ ತೊಟ್ಟಿಲನ್ನೂ ಎಬ್ಬಿಸಬೇಕು. ನಡುವೆ ಕೂಸು ಅತ್ತರೆ ಎಣಿಕೆ ತಪ್ಪುತ್ತದೆ. ನಮ್ಮ ಅತ್ತೆ ಮದುವೆಗೆ ಮೊದಲು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿದವರು. ಮೊದಲ ಕೂಸು ಹುಟ್ಟಿದ ಮೇಲೆ ಅದನ್ನು ಕಟ್ಟಿಟ್ಟು ಕೌದಿಗೆ ಇಳಿದರಂತೆ. "ಎಣಿಕಿ ಮಾಡೋ ಹೊತ್ತು ನನ್ನ ಕಡೆ ಉಳೀಲಿಲ್ಲವಾ" ಎನ್ನುತ್ತಾರೆ, ಬೇಸರವೇನೂ ಇಲ್ಲದೆ. ನನಗೇ ಅದನ್ನು ಕೇಳಿ ಬೇಸರವಾಗುತ್ತದೆ. ಕೌದಿಯನ್ನು ಹೊಗಳುವಾಗ, ಅದು ಸಿಗದೆ ಹೋದ ಹೊತ್ತಿನ ಕಲೆಯೂ ಹೌದೆಂಬುದನ್ನು ನಾವು ಮರೆಯುತ್ತೇವೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಗಳನ್ನು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಹೊರಜಗತ್ತಿಗೆ ತೋರಿಸಿದ ಮೇಲೆ ಅವು ಅಲ್ಲಿನ ವಸ್ತುಸಂಗ್ರಹಾಲಯಗಳ ಗೋಡೆಯನ್ನೂ ಏರಿದವು. ಗೋಡೆಯ ಮೇಲೆ ತೂಗಿದ್ದನ್ನು ನೋಡಿ ಎಷ್ಟು ಪುರಸೊತ್ತು ಎಂದು ಯಾರೂ ಅನ್ನುವುದಿಲ್ಲ.

ಇನ್ನು ನನ್ನ ಟ್ರಂಕಿನ ಮಾತು. ನಮ್ಮ ಕಡೆ ಹೆಣ್ಣುಮಕ್ಕಳ ಮನೆಯಲ್ಲಿ ಅರಿವೆ ಸೇರುವುದಕ್ಕೆ ಯಾರೂ ಪೇಟೆಗೆ ಹೋಗಬೇಕಿಲ್ಲ. ಸೀಮಂತ, ಮದುವೆ, ಗೃಹಪ್ರವೇಶ, ತವರಿಗೆ ಹೋಗಿ ಬಂದದ್ದು, ಪ್ರತಿಯೊಂದಕ್ಕೂ ಉಡಿ ತುಂಬುತ್ತಾರೆ. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತುತ್ತಿಯ ಜೊತೆ ಒಂದು ಖಣ. ಹಿಂದೆ ಅದು ಗುಳೇದಗುಡ್ಡದ ಮಗ್ಗದ್ದೇ ಆಗಿರುತ್ತಿತ್ತು. ಆನೆಹೆಜ್ಜೆ, ತೇರು, ತುಳಸಿ ಎಂದು ಅದರ ಒಂದೊಂದು ನೇಯ್ಗೆಗೂ ಹೆಸರಿತ್ತು. ಈಗ ಬರುವುದರಲ್ಲಿ ಹೆಚ್ಚಿನದು ಉಟ್ಟರೆ ಬೆವರೂ ಹೀರದ ಪಾಲಿಯೆಸ್ಟರ್. ಅದನ್ನು ಯಾರೂ ಹೊಲಿಸುವುದಿಲ್ಲ. ನಮ್ಮ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇನ್ನೊಬ್ಬರ ಮನೆಗೆ, ಮಡಿಕೆಯೂ ಬಿಚ್ಚದೆ ತಿರುಗುತ್ತದೆ. ನಾನು ಕೊಟ್ಟ ಖಣವೇ ನರಗುಂದದ ನಾದಿನಿಯ ಮನೆ ಸುತ್ತಿ ಎರಡು ವರ್ಷಕ್ಕೆ ನನ್ನ ಉಡಿಗೆ ಬಂದದ್ದುಂಟು. ಮೂಲೆಯಲ್ಲಿದ್ದ ಅರಿಸಿನದ ಕಲೆಯಿಂದ ಗುರುತು ಹಿಡಿದೆ.

ಇವುಗಳ ನಡುವೆ ನಾನು ಬೇರೆ ಮಾಡಿ ಇಟ್ಟುಕೊಂಡಿರುವ ಗಂಟುಗಳಿವೆ. ಗಜೇಂದ್ರಗಡದ ಮಗ್ಗದ ಪಟ್ಟೆದಂಚು ಸೀರೆಯದೊಂದು ತುಂಡು, ಸಣ್ಣ ಚೌಕಳಿ, ಅಗಲವಾದ ಕೆಂಪು ದಡಿ. ಅಜ್ಜಿಯ ಇಳಕಲ್ಲ ಸೀರೆಯ ಒಡಲೆಲ್ಲ ಹಿಂಜಿ ಕೌದಿಗೆ ಹೋದ ಮೇಲೆ ಉಳಿದ ರೇಷ್ಮೆಯ ಸೆರಗು. ಅದನ್ನು ಒಡಲಿಗೆ ಕೂಡಿಸಿದ ಜಾಗದಲ್ಲಿ ಬೆರಳಾಡಿಸಿದರೆ ಕೊಂಡಿಗಳ ಸಾಲು ಇವತ್ತಿಗೂ ಕೈಗೆ ಸಿಗುತ್ತದೆ. ಟೇಲರ ಅಂಗಡಿಯ ಚೀಲದಿಂದ ಕೇಳಿ ತಂದ ಅಂಗೈಯಗಲದ ಚೂರುಗಳು ಎಷ್ಟೋ. ನಮ್ಮ ಮನೆಯವರು ಒಮ್ಮೆ ಟ್ರಂಕು ಸರಿಸಲು ಹೋಗಿ ಭಾರಕ್ಕೆ ಬೆಚ್ಚಿ, "ಇದನೆಲ್ಲಾ ಇಟಕೊಂಡು ಏನ್ ಮಾಡಾಕಿ?" ಎಂದರು.

ಶರಣರ ನಾಡಿನಲ್ಲಿ ಇದ್ದುಕೊಂಡು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ಬರುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಈ ಆಸೆ ನಮಗೆ ಯಾಕೆ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಬಡತನದ ಮನೆಯ ಹೆಣ್ಣು, ಮುಷ್ಟಿ ಅಕ್ಕಿಯ ಬಗ್ಗೆ ಆಡಿದ ಮಾತು ಅದು. ನನ್ನ ಟ್ರಂಕನ್ನು ನೋಡಿದ್ದರೆ ಏನೆನ್ನುತ್ತಿದ್ದಳೋ!

ಈ ಬಗ್ಗೆ ನಾನು ನನಗೇ ಒಂದು ತೀರ್ಮಾನ ಮಾಡಿಕೊಂಡಿದ್ದೇನೆ. ಕತ್ತರಿ ಬೀಳದ, ಇನ್ನೊಬ್ಬಳ ಕುಪ್ಪಸ ಆಗಬಲ್ಲ ಖಣ ನನ್ನದಲ್ಲ, ಅದು ಮುಂದಕ್ಕೆ ಹೋಗಬೇಕು. ಕುಪ್ಪಸಕ್ಕೆ ಸಾಲದ ಚೂರು ಯಾರ ಪಾಲಿನದೂ ಅಲ್ಲ, ಅದನ್ನು ಇಟ್ಟುಕೊಂಡರೆ ಯಾರ ಮೈಯೂ ಬರಿದಾಗುವುದಿಲ್ಲ. ಅಜ್ಜಿಯ ಸೆರಗು ಈ ನಿಯಮಕ್ಕೆ ಹೊರಗು. ಅದಕ್ಕೆ ನನ್ನಲ್ಲಿ ಕಾರಣವಿಲ್ಲ, ಕೊಡಲು ಮನಸ್ಸೂ ಇಲ್ಲ.

ಆದರೆ ಲಕ್ಕಮ್ಮನ ಪ್ರಶ್ನೆ ಅರಿವೆಗಿಂತ ಹೊತ್ತಿಗೇ ಹೆಚ್ಚು ತಾಗುತ್ತದೆ ಎಂದು ಈಚೆಗೆ ಅನ್ನಿಸುತ್ತಿದೆ. ಹೆಚ್ಚುವರಿ ಎಂದು ನಾವು ಮನೆಗೆ ತಂದದ್ದು ನಿಜಕ್ಕೂ ಯಾರದು?

ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಎಂಬಾತ ಪ್ರೀತಿಯಿಂದ ಅದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. 1851ರಲ್ಲಿ ಪೇಟೆಂಟ್ ಪಡೆದ ಆ ಸಿಂಗರ್ ಹಲವು ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಪಡೆದವನು, ಅಂಥ ಮೆತ್ತನೆಯ ಗಂಡನೇನೂ ಆಗಿರಲಿಲ್ಲ. ಅದಿರಲಿ, ಯಂತ್ರ ಹೊತ್ತು ಉಳಿಸಿದ್ದು ನಿಜ. ಉಳಿದ ಹೊತ್ತು ಎಲ್ಲಿಗೆ ಹೋಯಿತು? ನಮ್ಮ ಓಣಿಯಲ್ಲಿ ಕಾಲಿನ ಮಷಿನ್ನಿನ ಮೇಲೆ ಜಂಪರ್ ಹೊಲಿದು ಮನೆ ನಡೆಸುವ ಅಕ್ಕನೊಬ್ಬಳಿದ್ದಾಳೆ. ಮದುವೆಯ ದಿನಗಳಲ್ಲಿ ರಾತ್ರಿ ಹನ್ನೆರಡಕ್ಕೂ ಅವಳ ಮಷಿನ್ನಿನ ಸದ್ದು ಕೇಳುತ್ತದೆ. ನನ್ನ ತುಣುಕುಗಳನ್ನು ಪ್ರೀತಿಯಿಂದ ಮುಟ್ಟಿ ನೋಡಿ ಅವಳು ಒಮ್ಮೆ ಹೇಳಿದಳು. "ನನಗ ಅರಿವಿ ಕಂಡ್ರ ನಿದ್ದಿ ಬರತೈತ್ರೀ ಟೀಚರ."

ನರಗುಂದದ ನಾದಿನಿ ಇನ್ನೂ ನೇರ ಮಾತಿನವಳು. ಅವರದು ಎರೆಹೊಲ. ಹತ್ತಿ ಬಿಡಿಸುವ ಕಾಲಕ್ಕೆ ಅವಳಿಗೆ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ. ಮೊದಲೆಲ್ಲ ಬೇಸಿಗೆಯಲ್ಲಿ ಕೌದಿ ಹಾಕುತ್ತಿದ್ದಳು, ಈಗ ಮಕ್ಕಳಿಗೆ ಸಂತೆಯ ಬ್ಲಾಂಕೆಟ್ಟು ಹೊದಿಸುತ್ತಾಳೆ. "ನಿಮ್ಮದು ಸಂಬಳದ ಪುರಸೊತ್ತರೀ ವೈನಿ" ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ನಾನು ಇದಕ್ಕೆ ಉತ್ತರ ಕೊಡಲಿಲ್ಲ, ಯಾಕೆಂದರೆ ಅದು ನಿಜ. ಹತ್ತಿ ಬೆಳೆಯುವವಳಿಗೆ ಅರಿವೆಯ ಜೊತೆ ಕೂರುವ ಹೊತ್ತಿಲ್ಲ, ಹೊಲಿದು ಬದುಕುವವಳಿಗೆ ಹೊಲಿಗೆಯ ಮೇಲೆ ಆಸೆಯಿಲ್ಲ. ನಡುವೆ ಕೂತ ನನ್ನಂಥವಳು ಮಾತ್ರ ಟ್ರಂಕು ತೆಗೆದು ನೋಡುತ್ತಾಳೆ. ಇದನ್ನು ತಿಳಿದುಕೊಂಡೇ ತೆಗೆದು ನೋಡಬೇಕು ಅನ್ನಿಸುತ್ತದೆ. ತಿಳಿದ ಮೇಲೆ ಮುಚ್ಚಿಡಬೇಕು ಎಂದು ಮಾತ್ರ ಅನ್ನಿಸುವುದಿಲ್ಲ. ನಾನು ಮುಚ್ಚಿಟ್ಟರೆ ನಾದಿನಿಯ ಹೊಲದಲ್ಲಿ ಒಂದು ತೊಳೆ ಹತ್ತಿಯೂ ಕಡಿಮೆಯಾಗುವುದಿಲ್ಲ.

ಹೊತ್ತು ಸಿಗುತ್ತದೆ ಎನ್ನುತ್ತೇವೆ, ದಾರಿಯಲ್ಲಿ ನಾಣ್ಯ ಸಿಕ್ಕ ಹಾಗೆ. ಮಕ್ಕಳಿರುವ ಮನೆಯಲ್ಲಿ ಹೊತ್ತು ಹಾಗೆ ಬಿದ್ದಿರುವುದಿಲ್ಲ. ನಾನು ಒಂದು ತಾಸು ಕೂತರೆ ಆ ತಾಸಿನ ಕೆಲಸವನ್ನು ಮತ್ತೊಬ್ಬರು ಮಾಡುತ್ತಿರುತ್ತಾರೆ, ಇಲ್ಲವೇ ಮತ್ತೊಬ್ಬರು ಕಾಯುತ್ತಿರುತ್ತಾರೆ. ತಾಯಿಗೆ ಪುರಸೊತ್ತು ಮಾಡಿಕೊಡುವವಳು ನಮ್ಮ ಮನೆಗಳಲ್ಲಿ ಬಹಳ ಸಲ ಹಿರಿಯ ಮಗಳು. ನನ್ನ ತವರಿನಲ್ಲಿ ಅಕ್ಕ ಹತ್ತು ವರ್ಷಕ್ಕೇ ರೊಟ್ಟಿ ಬಡಿಯಲು ಕಲಿತಳು. ಅವ್ವನ ಕೌದಿಗಳು ಓಣಿಗೇ ಹೆಸರಾಗಿದ್ದವು. ಈ ಎರಡನ್ನೂ ಜೊತೆಗಿಟ್ಟು ನಾವು ಯಾರೂ ನೋಡಿರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು. ಅವ್ವನನ್ನು ನಾನು ದೂರುತ್ತಿಲ್ಲ. ಅವಳ ಬಾಳಿನಲ್ಲಿ ಆ ಕೌದಿಗಳ ಹೊರತು ಅವಳದೇ ಎನ್ನುವಂಥದ್ದು ಬೇರೇನಿತ್ತೋ ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ "ಹುಡುಗರಿಗೆ ಹೊದಿಯಾಕ ಬೇಕಲ್ಲರೀ" ಎಂದು ಅವಳು ತಟ್ಟನೆ ಹೇಳುತ್ತಿದ್ದಳು. ಇದ್ದ ಹುಡುಗರು ಮೂವರು, ಗೂಟಕ್ಕೆ ತೂಗುತ್ತಿದ್ದ ಕೌದಿ ಹನ್ನೊಂದು!

ಆ ಉತ್ತರವನ್ನು ನಾನು ಕೊಡುವುದಿಲ್ಲ. ಮಗಳು ಒಮ್ಮೆ, "ಅವ್ವಾ, ಇದು ಯಾರಿಗೆ?" ಎಂದು ಕೇಳಿದಳು. ನನಗ, ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಿನಗ ಹೊದಿಯಾಕ?" ಎಂದಳು. ಅಲ್ಲ, ಹೊಲಿಯಾಕ, ಎಂದೆ. ಅವಳಿಗೆ ಇದು ವಿಚಿತ್ರವಾಗಿ ಕೇಳಿಸಿರಬೇಕು. ಕೇಳಿಸಲಿ. ತಾಯಿಯ ಸಂತೋಷಕ್ಕೆ ಯಾವಾಗಲೂ ಒಂದು ಉಪಯೋಗದ ಚೀಟಿ ಅಂಟಿಸಿರಬೇಕು ಎಂದು ಅವಳು ನನ್ನನ್ನು ನೋಡಿ ಕಲಿಯಬಾರದು.

ಹಾಗಾಗಿ ಭಾನುವಾರ ಮಧ್ಯಾಹ್ನದ ಒಂದು ತಾಸನ್ನು ಮನೆಯಲ್ಲಿ ಬಾಯಿಬಿಟ್ಟು ಕೇಳಿಯೇ ತೆಗೆದುಕೊಂಡಿದ್ದೇನೆ. ನಾನು ಹಾಕಿದ ಕರಾರು ಒಂದೇ, ಆ ತಾಸು ಮಗಳ ಪಾಲಿನಿಂದ ಬರಬಾರದು. ಊಟದ ಪಾತ್ರೆ ಅವಳಪ್ಪ ತಿಕ್ಕುತ್ತಾರೆ, ಅಜ್ಜಿಯ ಚಹಾ, ಗುಳಿಗೆ ಮಗನ ಪಾಲಿಗೆ. ಮೊದಮೊದಲು ಅಡುಗೆಮನೆಯಲ್ಲಿ ಆಗುತ್ತಿದ್ದ ಸದ್ದಿಗೆ ಅತ್ತೆ, "ನೀ ಎದ್ದ ಹೋಗವಾ, ಪಾಪ" ಎನ್ನುತ್ತಿದ್ದರು. ಈಗ ಅವರೂ ನನ್ನ ಪಕ್ಕಕ್ಕೆ ಬಂದು ಕೂರುತ್ತಾರೆ. ಕಣ್ಣು ಮಂದವಾಗಿದೆ, ಕೈ ನೆಟ್ಟಗಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯಬೇಕು, ಕೌದಿ ಹಸಿದಿರಬಾರದು ಎನ್ನುವುದು ಅವರ ತವರಿನ ಪದ್ಧತಿ. ಈ ಸಲದ್ದಕ್ಕೆ ಆ ರೊಟ್ಟಿಯನ್ನು ತಾನೇ ಬಡಿಯುತ್ತೇನೆಂದು ಮೊಮ್ಮಗ ಕುಣಿಯುತ್ತಿದ್ದಾನೆ, ಅದರ ಆಕಾರ ನೋಡಿ ಅಜ್ಜಿಗೆ ಚಿಂತೆ.

ಅಜ್ಜಿಗೆ ಸೂಜಿಪೋಣಿಸಲು ಆಗದೆಂದು ಅವನೇ ನಾಲ್ಕು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಆಡಲು ಹೋಗುತ್ತಾನೆ. ಕಳೆದ ವಾರ ನಾಲ್ಕೂ ಹಸಿರು. ಕೆಂಪು ಅರಿವೆಗೆ ಹಸಿರು ದಾರ ಯಾಕೋ ಎಂದು ಕೂಗಿದೆ. "ಕೆಂಪಿನ ರೀಲು ಮುಗದೈತಿ" ಎಂದು ಬೀದಿಯಿಂದಲೇ ಕೂಗಿದ. ಗಜೇಂದ್ರಗಡಕ್ಕೆ ಹೋದಾಗ ಎರಡು ರೀಲು ತರಬೇಕು. ಅಲ್ಲಿಯತನಕ ಹಸಿರಿನಲ್ಲೇ ನಡೆದಿದೆ.