ಅತಿಥಿಯ ಲೆಕ್ಕ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹೋದ ಊರಿನಲ್ಲಿ ಹೇಗೆ ಇರಬೇಕು, ಅಲ್ಲಿಯ ಋಣವನ್ನು ಹೇಗೆ ತೀರಿಸಬೇಕು ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಈ ವಿಚಾರ ನನ್ನ ಮನಸ್ಸಿಗೆ ಬಂದದ್ದು ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಶ್ರೀಮಠಕ್ಕೆ ಬಂದಿದ್ದ ಒಬ್ಬ ಸದ್ಭಕ್ತರ ಮಾತಿನಿಂದ. ಅವರ ಮಗ ಸೊಸೆ ಲಕ್ಷದ್ವೀಪಕ್ಕೆ ಹೊರಟಿದ್ದರು. "ಕೂಡಲಸಂಗಮ ನೋಡಿಲ್ಲ, ಬಸವಕಲ್ಯಾಣ ನೋಡಿಲ್ಲ, ನಡುಸಮುದ್ರದಾಗ ಏನ ನೋಡತಾರ್ರಿ?" ಎಂದು ತಂದೆ ನೊಂದುಕೊಂಡರು. ಪಕ್ಕದಲ್ಲಿದ್ದ ಮಗ ಹೇಳಿದ: "ನಮ್ಮ ದುಡ್ಡು, ನಾವು ಖರ್ಚು ಮಾಡತೀವಿ. ಯಾರಿಗೇನು ನಷ್ಟ?"

ತಂದೆಯ ಪ್ರಶ್ನೆಗಿಂತ ಮಗನ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ಮಠದ ಜಮಾಖರ್ಚು ಬರೆಯುವವನಿಗೆ ಇಂಥ ಪ್ರಶ್ನೆ ಬಿಟ್ಟುಬಿಡಲು ಆಗುವುದಿಲ್ಲ.

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿಬಂದ ಚಿತ್ರಗಳು ಎಲ್ಲೆಡೆ ಹರಡಿದ ಮೇಲೆ ನಮ್ಮ ಕಡೆಯ ತರುಣರಿಗೂ ಆ ನೀಲಿ ನೀರಿನ ಸೆಳೆತ ಹತ್ತಿದೆ. ಅವು ಸಾಮಾನ್ಯ ದ್ವೀಪಗಳಲ್ಲ, ಹವಳದ ದ್ವೀಪಗಳು. ಸಮುದ್ರದಲ್ಲಿ ಮುಳುಗುತ್ತ ಹೋದ ಬೆಟ್ಟದ ಸುತ್ತ ಸಣ್ಣ ಹವಳದ ಜೀವಿಗಳು ಲಕ್ಷಾಂತರ ವರ್ಷ ಗೂಡು ಕಟ್ಟುತ್ತ ಹೋಗಿ, ಕೊನೆಗೆ ಬೆಟ್ಟ ಮರೆಯಾಗಿ ಉಂಗುರ ಮಾತ್ರ ಉಳಿಯುತ್ತದೆ ಎಂದು ಡಾರ್ವಿನ್ 1842ರಲ್ಲಿ ಬರೆದರು. ಇಂಥ ಉಂಗುರಕ್ಕೆ ಅಟಾಲ್ ಎನ್ನುತ್ತಾರೆ. ಇವು ಹೆಚ್ಚಾಗಿರುವುದು ದೂರದ ಪೆಸಿಫಿಕ್ ಸಾಗರದಲ್ಲಿ. ನಮ್ಮ ದೇಶದಲ್ಲಿ ಇರುವುದು ಲಕ್ಷದ್ವೀಪದಲ್ಲಿ ಮಾತ್ರ. ಅಲ್ಲಿಯ ಒಟ್ಟು ಭೂಮಿ 32 ಚದರ ಕಿಲೋಮೀಟರು. ನಮ್ಮ ಜತ್ತ ತಾಲೂಕಿನ ಎರಡು ದೊಡ್ಡ ಹಳ್ಳಿಗಳ ಸೀಮೆ ಸೇರಿದರೆ ಅಷ್ಟಾದೀತು. ಆ ಭೂಮಿಯ ಮೇಲೆ 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ ಬಾಳುತ್ತಿದ್ದರು.

ಈ ದ್ವೀಪಗಳಿಗೂ ಕನ್ನಡ ನಾಡಿಗೂ ಹಳೆಯ ನಂಟುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಕೈಗೆ ಬಂದು, 1799ರ ನಂತರ ಕಂಪನಿ ಸರಕಾರಕ್ಕೆ ಸೇರಿ, ಮಂಗಳೂರಿನಿಂದ ಆಳಲ್ಪಟ್ಟವು. ಅಲ್ಲಿಯವರು ಹಾಯಿ ಹಡಗಿನಲ್ಲಿ ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನಲ್ಲಿ ಇಳಿಸಿ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಈ ದ್ವೀಪಗಳು ಅದರಿಂದ ಬೇರೆಯಾಗಿ ಕೇಂದ್ರದ ಆಡಳಿತಕ್ಕೆ ಹೋದವು. ಅದೇ ದಿನ ನಮ್ಮ ಜತ್ತ ತಾಲೂಕು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಒಂದೇ ದಿನ ಎಳೆದ ಗೆರೆಗಳಿಂದ ಅವರೂ ಅಂಚಿನವರಾದರು, ನಾವೂ ಅಂಚಿನವರಾದೆವು.

ಅಂಚಿನವರಾದ ನಮಗಿಬ್ಬರಿಗೂ ನೀರಿನದೇ ಚಿಂತೆ. ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಗೆ ತಾವಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪು ನೀರಿಗಿಂತ ಹಗುರವಾದ್ದರಿಂದ, ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದಂತೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವ ಸಿಹಿನೀರು ಅಷ್ಟೇ. ಪಂಪು ಹಚ್ಚಿ ಜೋರಾಗಿ ಎಳೆದರೆ ಉಪ್ಪು ಮೇಲೇರಿ ಬಾವಿ ಕೆಡುತ್ತದೆ. ಒಬ್ಬನ ಬೋರು ಆಳಕ್ಕೆ ಹೋದರೆ ನೆರೆಯವನ ಬಾವಿ ಬತ್ತುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರಲ್ಲಿ ಕವರತ್ತಿ ದ್ವೀಪದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೂಡಿಸಿದರು. ಅದು ದಿನಕ್ಕೆ ಒಂದು ಲಕ್ಷ ಲೀಟರ್ ಕೊಡುವಂಥದು. ಕೇಳಲು ದೊಡ್ಡ ಅಂಕಿ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರು. ಆ ದ್ವೀಪದ ಸುಮಾರು 11 ಸಾವಿರ ಜನರಿಗೆ ಹಂಚಿದರೆ ತಲೆಗೆ ಒಂಬತ್ತು ಲೀಟರು, ಒಂದು ತುಂಬಿದ ಕೊಡವೂ ಆಗಲಿಲ್ಲ.

ಈಗ ಮಗನ ಪ್ರಶ್ನೆಗೆ ಬರೋಣ. ಅತಿಥಿ ಎರಡು ದಿನ ಇದ್ದು, ಎರಡು ಹೊತ್ತು ಸ್ನಾನ ಮಾಡಿ, ಹಣ ಎಣಿಸಿ ಬರುತ್ತಾನೆ. ಅವನ ಲೆಕ್ಕದಲ್ಲಿ ವ್ಯವಹಾರ ಚುಕ್ತಾ ಆಯಿತು. ಆದರೆ ಹಣ ಜಮಾ ಆದದ್ದು ವಸತಿಗೃಹದ ಖಾತೆಗೆ. ನೀರು ಖರ್ಚಾದದ್ದು ಊರಿನ ಎಲ್ಲರ ಬಾವಿಯಿಂದ. ಒಂದು ಖಾತೆಯ ಜಮಾವನ್ನು ಮತ್ತೊಂದು ಖಾತೆಯ ಖರ್ಚಿಗೆ ಹೊಂದಿಸಿದರೆ ಯಾವ ಲೆಕ್ಕತಪಾಸಣಿಗನೂ ಒಪ್ಪುವುದಿಲ್ಲ. ನೈತಿಕ ಲೆಕ್ಕಕ್ಕೂ ಇದೇ ನಿಯಮ. ಹಣ ಕೊಟ್ಟೆ ಎಂದ ಮಾತ್ರಕ್ಕೆ ಋಣ ತೀರಲಿಲ್ಲ. ಯಾರಿಂದ ಪಡೆದೆ, ಯಾರಿಗೆ ಕೊಟ್ಟೆ ಎಂದು ನೋಡಬೇಕು.

ಇನ್ನೂ ಒಂದು ಮಾತು: ಬೆಲೆ ಕಟ್ಟಿದವರು ಯಾರು? ಹಿಂದೆ ಈ ದ್ವೀಪದವರು ನಾರನ್ನು ಸರಕಾರಕ್ಕೇ ಕೊಡಬೇಕು, ಬದಲಿಗೆ ಅದು ಗೊತ್ತುಪಡಿಸಿದ ದರದಲ್ಲಿ ಅಕ್ಕಿ ಪಡೆಯಬೇಕು ಎಂಬ ಕಟ್ಟಳೆಯಿತ್ತು. ಕೊಳ್ಳುವವನೇ ಧಾರಣೆ ಹೇಳಿದರೆ ಮಾರುವವನ ಗತಿ ಏನೆಂಬುದು ಅಡತಿ ಅಂಗಡಿಯ ಮುಂದೆ ನಿಂತ ರೈತನಿಗೆ ಗೊತ್ತು. ಪೆಸಿಫಿಕ್ ಸಾಗರದ ಬಿಕಿನಿ ಎಂಬ ಹವಳ ದ್ವೀಪದಲ್ಲಿ ಇದು ಘೋರವಾಗಿ ನಡೆಯಿತು. 1946ರಲ್ಲಿ ಅಮೇರಿಕದ ಸೈನ್ಯ ಅಲ್ಲಿಯ 167 ಜನರನ್ನು ಬೇರೆ ದ್ವೀಪಕ್ಕೆ ಸಾಗಿಸಿ, 1958ರವರೆಗೆ 23 ಅಣುಬಾಂಬುಗಳನ್ನು ಸ್ಫೋಟಿಸಿ ಪರೀಕ್ಷಿಸಿತು. ಮುಂದೆ ಕೆಲವರು ಮರಳಿ ಬಂದರೂ ಅಲ್ಲಿಯ ಅನ್ನ ನೀರು ವಿಷವಾಗಿದ್ದರಿಂದ 1978ರಲ್ಲಿ ಪುನಃ ಊರು ಬಿಡಬೇಕಾಯಿತು. ಮನೆಯವರೇ ಹೊರಗಾದರು. ಪ್ರವಾಸಿಗನನ್ನು ಈ ಸಾಲಿಗೆ ಸೇರಿಸುವುದು ಅನ್ಯಾಯ. ಆದರೂ 'ಇದು ಖಾಲಿ ಜಾಗ, ನನಗಾಗಿಯೇ ಇದೆ' ಎಂಬ ಭಾವ ಎಲ್ಲಿ ಹುಟ್ಟುತ್ತದೆಯೋ ಅಲ್ಲಿಂದಲೇ ತಪ್ಪು ಶುರುವಾಗುತ್ತದೆ.

ಹಾಗಾದರೆ ಹೋಗಲೇಬಾರದೇ? ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಗುಡ್ಡಾಪುರವನ್ನೇ ನೋಡಿರಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಯಿಂದ ದಾನಮ್ಮದೇವಿಯ ಭಕ್ತರು ಕಾಲ್ನಡಿಗೆಯಿಂದ ಬರುತ್ತಾರೆ. ಬರಗಾಲದ ವರ್ಷವೂ ದಾರಿಯ ಹಳ್ಳಿಗಳವರು ದಾಸೋಹ ನಿಲ್ಲಿಸುವುದಿಲ್ಲ. ಯಾರೂ ಬಾರದಿದ್ದರೆ ನಮಗೇ ಕಳೆಗುಂದಿದಂತಾಗುತ್ತದೆ, ವ್ಯಾಪಾರಕ್ಕೂ ಪೆಟ್ಟು. ಕೊಡುವವನಿಗೂ ಅತಿಥಿ ಬೇಕು. ದ್ವೀಪದವರಿಗೂ ಮೀನು, ತೆಂಗಿನ ಜೊತೆಗೆ ಪ್ರವಾಸಿಗರಿಂದ ನಾಲ್ಕು ಕಾಸು ಸಿಗುವುದು ಬೇಕಾದದ್ದೇ. ಆದರೆ ಗುಡ್ಡಾಪುರಕ್ಕೆ ನಡೆದು ಬರುವವನು ಒಂದು ತಂಬಿಗೆ ನೀರನ್ನು ಕೈಯೊಡ್ಡಿ ಪಡೆದು ಕುಡಿದು ಮುಂದೆ ಹೋಗುತ್ತಾನೆ. ಅವನು ನಮ್ಮ ಟ್ಯಾಂಕರಿನ ನಲ್ಲಿ ಬಿಟ್ಟು ಗಾಡಿ ತೊಳೆದರೆ ನಾವು ಸುಮ್ಮನಿರುತ್ತೇವೆಯೇ? ಯಾತ್ರಿಕನಿಗೂ ದಾಳಿಗಾರನಿಗೂ ಇರುವ ಅಂತರ ಆ ತಂಬಿಗೆಯಲ್ಲಿದೆ.

ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರು ಪರವಾನಿಗೆ ಪಡೆಯಬೇಕು. 1967ರ ನಿಯಮಗಳಿಂದ ಬಂದ ಪದ್ಧತಿ ಇದು. ನಮ್ಮದೇ ದೇಶದಲ್ಲಿ ಪರವಾನಿಗೆ ಯಾಕೆ ಎಂದು ಗೊಣಗುವವರಿದ್ದಾರೆ. ನನಗೆ ಅದು ಅಪಮಾನ ಎನಿಸುವುದಿಲ್ಲ. ಅಣ್ಣನ ಮನೆಯಾದರೂ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತೇವೆ.

ಇಲ್ಲಿಗೆ ಮುಗಿಸಿದ್ದರೆ, ಮನೆಯಲ್ಲೇ ಉಳಿದ ನಾವೆಲ್ಲ ನಿರ್ದೋಷಿಗಳು ಎಂದಾಗುತ್ತಿತ್ತು. ಹಾಗಿಲ್ಲ. ಸಮುದ್ರ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗಾಯಿತು. ಹವಳ ಸತ್ತರೆ ಅಲೆಗೆ ಅಡ್ಡವಿಲ್ಲ. ಪೆಸಿಫಿಕ್‌ನ ತುವಾಲು ಎಂಬ ಪುಟ್ಟ ದೇಶದಲ್ಲಿ 2011ರಲ್ಲಿ ಮಳೆ ತಪ್ಪಿ ಕುಡಿಯುವ ನೀರು ತೀರಿದಾಗ ಉಪ್ಪು ತೆಗೆಯುವ ಯಂತ್ರಗಳನ್ನು ವಿಮಾನದಲ್ಲಿ ತರಬೇಕಾಯಿತು. 2016ರಲ್ಲಿ ನಮ್ಮ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಒಯ್ದಂತೆ. ಸಮುದ್ರ ಏರುತ್ತಿರುವುದರಿಂದ ಆ ದೇಶದವರು ವರ್ಷಕ್ಕೆ 280 ಜನ ಆಸ್ಟ್ರೇಲಿಯಾದಲ್ಲಿ ನೆಲೆಸಲು 2023ರಲ್ಲಿ ಒಪ್ಪಂದವಾಯಿತು. ಆ ಬಿಸಿಗೆ ಕಾರಣವಾದ ಹೊಗೆಯಲ್ಲಿ ದೊಡ್ಡ ಪಾಲು ಶ್ರೀಮಂತ ದೇಶಗಳದು. ಆದರೂ ನಮ್ಮ ಲಾರಿಯ, ನಮ್ಮ ಪಂಪಿನ ಹೊಗೆಯೂ ಅದರಲ್ಲಿ ಒಂದು ಚಿಟಿಕೆಯಷ್ಟು ಇದ್ದೇ ಇದೆ. ನಾವು ಹೋಗದ ಊರಿಗೂ ನಮ್ಮ ಹೆಸರಿನಲ್ಲಿ ಖರ್ಚು ಬೀಳುತ್ತಿದೆ. ಈ ಖಾತೆಯನ್ನು ಒಬ್ಬನೇ ಮುಚ್ಚಲಾರ; ಆದರೆ ಖಾತೆಯೇ ಇಲ್ಲವೆನ್ನುವುದು ಸುಳ್ಳು ಲೆಕ್ಕ.

ನಮ್ಮ ಧರ್ಮದಲ್ಲಿ ಜಂಗಮಕ್ಕೆ ಗೌರವವುಂಟು. ಸುಮ್ಮನೆ ತಿರುಗುತ್ತಾನೆಂದು ಕೊಟ್ಟ ಗೌರವ ಅದಲ್ಲ. ಹೊರೆಯಾಗದೆ ಬಂದು, ಅರಿವು ಕೊಟ್ಟು, ಬೇಕಾದಷ್ಟೇ ಪಡೆದು ಹೋಗುತ್ತಾನೆಂದು. ಪ್ರವಾಸಕ್ಕೆ ಹೊರಟ ಗೃಹಸ್ಥನಿಗೂ ಇದೇ ಅಳತೆ ಸಾಕು.

ಆ ಸದ್ಭಕ್ತರಿಗೆ ನಾನು ಹೇಳಿದ್ದು ಇಷ್ಟೇ: "ಹುಡುಗರು ಹೋಗಿಬರಲಿ, ತಡೆಯಬೇಡಿರಿ. ಮೇ ತಿಂಗಳಲ್ಲಿ ನಮ್ಮ ಮನೆಯಾಗ ಎಷ್ಟು ನೀರಿನಾಗ ಜಳಕಾ ಮಾಡತಾರೋ, ಅಲ್ಲಿಯೂ ಅಷ್ಟರಾಗ ಮಾಡಲಿ." ಮಗ ನಕ್ಕ. ಆಮೇಲೆ ತುಸು ಹೊತ್ತು ಸುಮ್ಮನೆ ಕುಳಿತ. ನಮ್ಮ ತಾಲೂಕಿನಲ್ಲಿ ಹುಟ್ಟಿದವನಿಗೆ ಆ ಬಕೀಟಿನ ಅಳತೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.



— ಕಾರ್ಯದರ್ಶಿ, ಶ್ರೀಮಠ