ಕಾಣದ್ದು ಇಲ್ಲವೆಂದಾಗುವುದು ಯಾವಾಗ

ಒಂದೊಂದೇ ಪ್ರಶ್ನೆ ಕೇಳುತ್ತ ದೋಷದ ಮೂಲ ಹುಡುಕುವ ಯಂತ್ರಕ್ಕೆ ‘ಇಲ್ಲ’ ಎಂಬ ಉತ್ತರವೇ ದೊಡ್ಡ ಆಧಾರ. ಇರಬಹುದಾದ ಕಾರಣಗಳನ್ನೆಲ್ಲ ತಳ್ಳಿಹಾಕುತ್ತ ಬಂದು, ಉಳಿದ ಒಂದನ್ನು ಹಿಡಿಯುವ ಈ ಬಗೆಯನ್ನು ನ್ಯಾಯದರ್ಶನ ಪರಿಶೇಷಾನುಮಾನ ಎನ್ನುತ್ತದೆ. ತಳ್ಳಿಹಾಕಿದ್ದು ಸರಿಯಿದ್ದರಷ್ಟೇ ಉಳಿದದ್ದು ಸರಿ. ಹಾಗಾದರೆ ಒಂದು ವಸ್ತು ಇಲ್ಲವೆಂದು ತಿಳಿಯುವುದಾದರೂ ಹೇಗೆ?

ದ್ರಾಕ್ಷಿ ತೋಟದ ಉದಾಹರಣೆ ನೋಡಿ. ನಾಸಿಕ್ ಜಿಲ್ಲೆಯ ದಿಂಡೋರಿ ದ್ರಾಕ್ಷಿ ಬೆಳೆಯುವ ಸೀಮೆ. ಅಲ್ಲಾಗಲಿ ನಮ್ಮ ವಿಜಯಪುರದಲ್ಲಾಗಲಿ, ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಬೆನ್ನಿಗೇ ಮಳೆ ಹಿಡಿದರೆ ಎಳೆ ಎಲೆಗಳ ಮೇಲೆ ಎಣ್ಣೆ ಸವರಿದಂಥ ಹಳದಿ ಕಲೆ ಮೂಡಬಹುದು. ಎಲೆ ಮಗುಚಿದಾಗ ಕಲೆಯ ಅಡಿಯಲ್ಲೇ ಬಿಳಿ ತುಪ್ಪಟ ಕಂಡರೆ ಅದು ಬೂಜು ತುಪ್ಪಟ ರೋಗ. ಬೂದಿ ರೋಗದ ಪುಡಿ ಎಲೆಯ ಮೇಲ್ಭಾಗದಲ್ಲೂ ಕೂರುತ್ತದೆ. ಅದನ್ನು ತಡೆಯುವ ಗಂಧಕ ಬೂಜು ತುಪ್ಪಟಕ್ಕೆ ನಾಟುವುದಿಲ್ಲ. ಎರಡನ್ನೂ ಬೇರ್ಪಡಿಸಲೇಬೇಕು.

ಒಣ ಬಿಸಿಲಿನ ಮಧ್ಯಾಹ್ನ ಯಂತ್ರ ‘ಎಲೆಯಡಿ ತುಪ್ಪಟ ಇದೆಯೇ?’ ಎಂದು ಕೇಳುತ್ತದೆ. ರೈತ ನೋಡಿ, ಇಲ್ಲವೆನ್ನುತ್ತಾನೆ. ಅವನ ಮಾತು ನಿಜ; ಅದರಿಂದ ಯಂತ್ರ ತೆಗೆಯುವ ‘ರೋಗವಿಲ್ಲ’ ಎಂಬ ತೀರ್ಮಾನ ಮಾತ್ರ ತಪ್ಪಾಗಬಹುದು. ತುಪ್ಪಟ ಏಳಲು ತೇವ ತುಂಬಿದ ಗಾಳಿ, ರಾತ್ರಿಯ ಕತ್ತಲೆ ಬೇಕು. ಈ ತೊಡಕನ್ನು ನಮ್ಮ ದಾರ್ಶನಿಕರು ಬಹಳ ಹಿಂದೆಯೇ ಬಿಡಿಸಿದ್ದಾರೆ: ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ, ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವುದು ಪುರಾವೆ. ಇದೇ ಯೋಗ್ಯಾನುಪಲಬ್ಧಿ.

ಹಾಗಾಗಿ ಹೌದು, ಇಲ್ಲ ಎಂಬ ಎರಡೇ ಗುಂಡಿ ಸಾಲವು. ಕಾಣುವ ಹೊತ್ತಿನಲ್ಲಿ ನೋಡಿದರೂ ಕಾಣಲಿಲ್ಲ ಎಂಬುದು ಬೇರೆ, ನೋಡುವ ಅನುಕೂಲವೇ ಇರಲಿಲ್ಲ ಎಂಬುದು ಬೇರೆ. ಎರಡನೆಯದು ಬಂದಾಗ ಸಂಶಯ ಇದ್ದಲ್ಲೇ ಇರಬೇಕು. ಯಂತ್ರ ಅನುಕೂಲ ಒದಗಿಸುವ ದಾರಿ ಹೇಳಬೇಕು. ದಾರಿ ಸುಲಭವೇ: ಕಲೆಯಿರುವ ಎಲೆಗಳನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಾತ್ರಿಯಿಡೀ ಕತ್ತಲಲ್ಲಿಟ್ಟು, ಬೆಳಿಗ್ಗೆ ಮಗುಚಿ ನೋಡುವುದು.

ಕಾರಣ ಹೇಳುವುದೂ ಯಂತ್ರದ ಹೊಣೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಮೈಸಿನ್ ಎಂಬ ರೋಗನಿರ್ಣಯದ ಗಣಕ ವ್ಯವಸ್ಥೆಯನ್ನು ವೈದ್ಯರು ‘ಈ ಪ್ರಶ್ನೆ ಏಕೆ?’ ಎಂದು ಮರುಪ್ರಶ್ನಿಸಬಹುದಿತ್ತು. ಕಾರಣ ಕೇಳದೆ ಯಂತ್ರದ ಮಾತು ನಂಬುವಂತಿಲ್ಲ. ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ವಿಷಯವನ್ನು ಸಾಕ್ಷಾತ್ ಕಂಡು, ಕಂಡಂತೆ ಹೇಳಬಯಸುವವನೇ ಆಪ್ತ, ಅಂದರೆ ನಂಬಲರ್ಹ. ಋಷಿಗೂ ಮ್ಲೇಚ್ಛನಿಗೂ ಲಕ್ಷಣ ಒಂದೇ. ಯಂತ್ರ ತೋಟ ಕಂಡಿಲ್ಲ, ಅದಕ್ಕೆ ಹೇಳುವ ಬಯಕೆಯೂ ಇಲ್ಲ. ಅದರ ಮಾತನ್ನು ಆಪ್ತವಾಕ್ಯವೆಂದು ಒಪ್ಪಲಾಗದು. ರೈತ ಹೆಜ್ಜೆಹೆಜ್ಜೆಗೂ ಪರೀಕ್ಷಿಸಬಲ್ಲ ಅನುಮಾನವಾಗಿಯೇ ಅದು ನಿಲ್ಲಬೇಕು.

ಮೋಡ ಕವಿದಾಗ ಬೆಳಗಿನವರೆಗೆ ಕಾಯಲಾಗದೆ ಔಷಧ ಹೊಡೆಯಬೇಕಾಗಬಹುದು. ಆಗಲೂ ಅದನ್ನು ಮುಂಜಾಗ್ರತೆಯೆಂದು ಬರೆದಿಡಬೇಕೇ ಹೊರತು ರೋಗನಿರ್ಣಯವೆಂದಲ್ಲ.